ಸೆರೆ ಬಿಟ್ಟ ಮೇಲೆ

ಯುದ್ಧಕೈದಿಗಳನ್ನು ಶತ್ರುವಿನ ಬಿಲದಿಂದ ಬಿಡಿಸಿ ತರುವ ಕತೆಯಲ್ಲಿ ಏನೇನು ಇರಬೇಕೆಂದು ಉಮ್ಮಚಗಿ, ಮಂಚಿಕೇರಿ ಕಡೆಯವರಿಗೆ ಯಾವ ಹಾಲಿವುಡ್ಡೂ ಕಲಿಸಬೇಕಾಗಿಲ್ಲ. ಮೈರಾವಣ ಕಾಳಗದ ಯಕ್ಷಗಾನ ಆಟವನ್ನು ಒಮ್ಮೆ ನಿದ್ದೆಗೆಟ್ಟು ನೋಡಿದ್ದರೆ ಸಾಕು. ಲಂಕೆಯ ಯುದ್ಧ ಇನ್ನೂ ಮುಗಿದಿಲ್ಲ. ಹನುಮಂತ ಬಾಲದಲ್ಲೇ ಕೋಟೆ ಕಟ್ಟಿ ಕಾವಲು ಕೂತಿದ್ದಾನೆ. ಮೈರಾವಣ ವಿಭೀಷಣನ ರೂಪದಲ್ಲಿ ಒಳಹೊಕ್ಕು, ಮಲಗಿದ್ದ ರಾಮ ಲಕ್ಷ್ಮಣರನ್ನು ಪಾತಾಳಕ್ಕೆ ಒಯ್ಯುತ್ತಾನೆ. ಬೆಳಗಾಗುವುದರೊಳಗೆ ಬಲಿ ಎಂದು ಗಡುವು. ಹನುಮಂತ ಒಬ್ಬನೇ ಇಳಿದು ಹೋದರೆ ಬಾಗಿಲು ಕಾಯುತ್ತಿರುವವನು ಅವನ ಸ್ವಂತ ಮಗ. ಕಡಲು ದಾಟುವಾಗ ಬಿದ್ದ ಬೆವರ ಹನಿಯನ್ನು ಮೀನು ನುಂಗಿ ಹುಟ್ಟಿದವನು, ಅಪ್ಪನನ್ನು ಕಂಡೇ ಇಲ್ಲದವನು. ಕೋಟೆಯ ಒಳಗುಟ್ಟು ಹೇಳಿಕೊಡುವವಳು ಮೈರಾವಣನ ಸೋದರಿ. ಅವಳ ಮಗನೂ ಅಲ್ಲೇ ಸೆರೆಯಲ್ಲಿದ್ದಾನೆ, ಅವನನ್ನೂ ಬಿಡಿಸಬೇಕೆಂಬುದು ಅವಳ ಕರಾರು. ಕೊನೆಗೆ ಮೈರಾವಣನ ಪ್ರಾಣ ಅಡಗಿರುವ ದುಂಬಿಗಳು. ಯುದ್ಧಚಿತ್ರ ಬರೆಯುವವನಿಗೆ ಇನ್ನೇನು ಬೇಕು?

ಈಗ ಇದನ್ನೆಲ್ಲ ಮೊಬೈಲಿನಲ್ಲೂ ನೋಡುತ್ತೇವೆ. ಅಡಿಕೆ ಸುಲಿಯುವ ಸಮಯದಲ್ಲಿ ಅಂಗಳದಲ್ಲಿ ಕೂತು ‘1971’ ಎಂಬ ಹಿಂದಿ ಸಿನಿಮಾ ನೋಡಿ ಮುಗಿಸಿದ ದೊಡ್ಡಪ್ಪ, ಕವಳ ಉಗಿದು ಬಂದು ಕೊಟ್ಟ ವಿಮರ್ಶೆ ಒಂದೇ ಸಾಲಿನದು: “ಹನುಮಂತನೇ ಇಲ್ದೆ ಮೈರಾವಣ ಕಾಳಗ ಆಗೋತಲೋ ತಮಾ!”

ಹೌದು, ಅಮೃತ್ ಸಾಗರ್ 2007ರಲ್ಲಿ ಮಾಡಿದ, ಮನೋಜ್ ಬಾಜಪೇಯಿ ಮುಖ್ಯ ಪಾತ್ರದಲ್ಲಿರುವ ಆ ಚಿತ್ರದಲ್ಲಿ ಬಿಡಿಸಲು ಯಾರೂ ಬರುವುದಿಲ್ಲ. ಪಾಕಿಸ್ತಾನದ ಶಿಬಿರದಲ್ಲಿ ಉಳಿದುಹೋದ ಆರು ಮಂದಿ ತಾವೇ ಗೋಡೆ ದಾಟಬೇಕು. ಚಿತ್ರ ಬಿಡುಗಡೆಯಾದಾಗ ಥಿಯೇಟರಿನಲ್ಲಿ ನಿಲ್ಲಲಿಲ್ಲ. ಹಿಂದಿಯ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂದರೂ ಜನ ನೋಡಿದ್ದು ಬಹಳ ತಡವಾಗಿ, ಯೂಟ್ಯೂಬಿಗೆ ಬಂದ ಮೇಲೆ. ಹನುಮಂತನಿಲ್ಲದ ಸಿನಿಮಾಕ್ಕೆ ಟಿಕೆಟ್ ಹರಿಯುವುದು ಕಷ್ಟ.

ಆದರೆ ದೊಡ್ಡಪ್ಪನ ಮಾತಿನ ಇನ್ನೊಂದು ಮಗ್ಗುಲು ನನ್ನನ್ನು ಹಿಡಿದುಕೊಂಡಿದೆ. ಮೈರಾವಣ ಕಾಳಗದಲ್ಲಿ ಸೆರೆ ಸಿಕ್ಕವರಿಗೆ ಮಾತೇ ಇಲ್ಲ. ರಾಮ ಲಕ್ಷ್ಮಣರು ಮಾಯೆಯ ನಿದ್ದೆಯಲ್ಲಿದ್ದಾರೆ. ಹನುಮಂತನಿಗೆ ಪದ, ಅವನ ಮಗನಿಗೆ ಪದ, ಮೈರಾವಣನ ಅಬ್ಬರಕ್ಕಂತೂ ಚಂಡೆ ಸಾಲುವುದಿಲ್ಲ. ಯಾರಿಗಾಗಿ ಇಷ್ಟೆಲ್ಲವೋ ಅವರು ಹೊತ್ತೊಯ್ದು ಹೊತ್ತು ತರುವ ಸಾಮಾನು. ಸೆರೆ ಬಿಡಿಸುವ ಸಿನಿಮಾಗಳ ಹಣೆಬರಹವೂ ಇಷ್ಟೇ. ‘ರ‍್ಯಾಂಬೊ’ ಸರಣಿಯ ಎರಡನೆಯ ಚಿತ್ರ (1985) ನೆನಪಿಸಿಕೊಳ್ಳಿ. ವಿಯೆಟ್ನಾಮಿನ ಕಾಡಿನಿಂದ ಅವನು ಬಿಡಿಸಿದ ಕೈದಿಗಳಲ್ಲಿ ಒಬ್ಬನ ಮುಖವಾದರೂ ನೆನಪಿಗೆ ಬರುತ್ತದೆಯೇ? ಸ್ಟಲೋನನ ತೋಳು ಮಾತ್ರ.

ಇದ್ದುದರಲ್ಲಿ ಪ್ರಾಮಾಣಿಕವಾದದ್ದು ಜಾನ್ ಡಾಲ್ ನಿರ್ದೇಶನದ ‘ದಿ ಗ್ರೇಟ್ ರೇಡ್’ (2005). ಕತೆ ನಡೆದದ್ದೇ. ಫಿಲಿಪ್ಪೀನ್ಸಿನ ಕಬನಾಟುವಾನ್ ಶಿಬಿರದಲ್ಲಿ ಜಪಾನೀಯರ ಕೈಯಲ್ಲಿ ಐನೂರಕ್ಕೂ ಹೆಚ್ಚು ಕೈದಿಗಳಿದ್ದರು. 1944ರ ಡಿಸೆಂಬರಿನಲ್ಲಿ ಪಲಾವಾನ್ ದ್ವೀಪದ ಶಿಬಿರದಲ್ಲಿ ಸುಮಾರು 140 ಅಮೆರಿಕನ್ ಕೈದಿಗಳನ್ನು ಕಂದಕಕ್ಕೆ ಅಟ್ಟಿ, ಪೆಟ್ರೋಲ್ ಸುರಿದು ಸುಟ್ಟಿದ್ದರು, ಓಡಿದವರಿಗೆ ಗುಂಡು. ಇಲ್ಲಿಯೂ ಹಾಗೆ ಆಗುವ ಮೊದಲು ತಲುಪಬೇಕಿತ್ತು. 1945ರ ಜನವರಿ 30ರ ಸಂಜೆ ಕರ್ನಲ್ ಮೂಚಿ ಮತ್ತು ಕ್ಯಾಪ್ಟನ್ ಪ್ರಿನ್ಸ್ ಅವರ ಸುಮಾರು 120 ರೇಂಜರ್‌ಗಳು ಮರೆಯೇ ಇಲ್ಲದ ಬಯಲಿನಲ್ಲಿ ಹೊಟ್ಟೆಯ ಮೇಲೆ ತೆವಳಿ ಬೇಲಿ ಮುಟ್ಟಿದರು. ಕಾವಲಿನವರ ಕಣ್ಣು ನೆಲ ಬಿಟ್ಟು ಆಕಾಶ ನೋಡುವಂತೆ ಒಂದು ವಿಮಾನ ತಲೆಯ ಮೇಲೆ ಸುತ್ತಾಡಿತು. ರಸ್ತೆಯಲ್ಲಿ ಜಪಾನಿ ಪಡೆಯನ್ನು ತಡೆದು ನಿಲ್ಲಿಸಿದವರು ಪಜೋಟಾ ಮತ್ತು ಹೋಸೊನ್ ಎಂಬ ಫಿಲಿಪಿನೋ ಗೆರಿಲ್ಲಾ ನಾಯಕರು. ನಡೆಯಲಾರದ ಕೈದಿಗಳನ್ನು ಊರಿನ ರೈತರು ಕೋಣದ ಗಾಡಿಗಳಲ್ಲಿ ಹಾಕಿಕೊಂಡು ರಾತ್ರಿಯಿಡೀ ಸಾಗಿಸಿದರು. ಟ್ಯಾಂಕು, ವಿಮಾನಗಳ ಯುದ್ಧದಲ್ಲಿ ಕೊನೆಗೆ ಕೆಲಸಕ್ಕೆ ಬಂದದ್ದು ಕೋಣ ಎಂಬುದು ನಮ್ಮ ಕಡೆಯವರಿಗೆ ಖುಷಿ ಕೊಡುವ ಸಂಗತಿ.

ಆ ದಾಳಿಯಲ್ಲಿ ನಡೆದ ಒಂದು ಸಣ್ಣ ಸಂಗತಿ ನನಗೆ ಎಲ್ಲಕ್ಕಿಂತ ದೊಡ್ಡದು. ಕೆಲವು ಕೈದಿಗಳು ಹೊರಗೆ ಬರಲು ಒಪ್ಪಲಿಲ್ಲ. ಮೂರು ವರ್ಷದಲ್ಲಿ ಸೇನೆಯ ಸಮವಸ್ತ್ರ, ಟೋಪಿ, ಬಂದೂಕು ಎಲ್ಲ ಬದಲಾಗಿತ್ತು. ಬಂದವರು ತಮ್ಮವರೋ, ಕೊಲ್ಲಲು ಜಪಾನೀಯರು ಹೂಡಿದ ಆಟವೋ ಎಂದು ತಿಳಿಯದೆ ಮೂಲೆ ಹಿಡಿದು ಅಡಗಿದವರನ್ನು ಎಳೆದು, ದಬ್ಬಿ ಹೊರಗೆ ಹಾಕಬೇಕಾಯಿತು. ಬಿಡುಗಡೆ ಎದುರಿಗೆ ಬಂದು ನಿಂತಾಗ ಅದನ್ನು ನಂಬದಿರುವಷ್ಟು ಸೆರೆ ಒಳಗಿಳಿದಿತ್ತು.

ಬಿಡಿಸಲು ಹೋದವರಿಗೆ ಬಿಡಿಸಲು ಯಾರೂ ಸಿಗದ ಕತೆಯೂ ಇದೆ. 1970ರ ನವೆಂಬರ್ 21ರ ನಸುಕಿನಲ್ಲಿ ಅಮೆರಿಕದ 56 ಕಮಾಂಡೋಗಳು ಹನೋಯಿ ಹತ್ತಿರದ ಸೋನ್ ತೈ ಶಿಬಿರದೊಳಗೆ ಹೆಲಿಕಾಪ್ಟರನ್ನೇ ಬೀಳಿಸಿ ಇಳಿದರು. ತಿಂಗಳುಗಟ್ಟಲೆ ತಾಲೀಮು ಮಾಡಿದ ದಾಳಿ, ಬಹುಮಟ್ಟಿಗೆ ಲೆಕ್ಕದಂತೆಯೇ ನಡೆಯಿತು. ಕೋಣೆಗಳು ಖಾಲಿ. ಕೈದಿಗಳನ್ನು ಜುಲೈ ತಿಂಗಳಲ್ಲೇ ಬೇರೆಡೆಗೆ ಸಾಗಿಸಿಯಾಗಿತ್ತು. ಆ ಕೈದಿಗಳು ಮನೆಗೆ ಬಂದದ್ದು 1973ರಲ್ಲಿ, ಪ್ಯಾರಿಸ್ ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ.

ನಿಜವಾದ ಯುದ್ಧಕೈದಿಗಳು ಬಿಡುಗಡೆಯಾಗುವುದು ಬಹುಮಟ್ಟಿಗೆ ಹೀಗೇ, ಸಹಿಯಿಂದ. 1971ರ ಯುದ್ಧದ ನಂತರ ಭಾರತದ ಬಳಿ ಸುಮಾರು 93,000 ಪಾಕಿಸ್ತಾನಿ ಕೈದಿಗಳಿದ್ದರು. ರಾವಲ್ಪಿಂಡಿಯ ಶಿಬಿರದಲ್ಲಿದ್ದ ನಮ್ಮ ವಾಯುಪಡೆಯ ಪೈಲಟ್‌ಗಳು ಹನ್ನೆರಡು ಮಂದಿ. 1972ರ ಜುಲೈ 2ರಂದು ಸಿಮ್ಲಾ ಒಪ್ಪಂದವಾದರೂ ಇವರ ದಾರಿ ತೆರೆಯಲಿಲ್ಲ. ಫ್ಲೈಟ್ ಲೆಫ್ಟಿನೆಂಟ್ ದಿಲೀಪ್ ಪರೂಲ್ಕರ್ ಕಾಯುವ ಜಾತಿಯವರಲ್ಲ. ಎಂ.ಎಸ್. ಗ್ರೆವಾಲ್ ಮತ್ತು ಹರೀಶ್ ಸಿನ್ಹಜೀ ಜೊತೆ ಸೇರಿ, ಕೈಗೆ ಸಿಕ್ಕ ಸಣ್ಣಪುಟ್ಟ ಸಲಕರಣೆಯಲ್ಲಿ ಗೋಡೆಯ ಇಟ್ಟಿಗೆ ಸಡಿಲಿಸಿ, ಆಗಸ್ಟ್ 13ರ ನಸುಕಿನ ಗಾಳಿಮಳೆಯಲ್ಲಿ ಹೊರಬಿದ್ದರು. ಬಸ್ಸು ಹತ್ತಿ ಪೇಶಾವರ, ಅಲ್ಲಿಂದ ಅಫ್ಘಾನ್ ಗಡಿಯ ಕಡೆಗೆ. ಲಾಂಡಿ ಕೋತಲ್ ಪೇಟೆಯಲ್ಲಿ ‘ಲಾಂಡಿ ಖಾನಾಕ್ಕೆ ಹೇಗೆ ಹೋಗುವುದು’ ಎಂದು ಕೇಳಿದ್ದೇ ಮುಳುವಾಯಿತು. ಹಳೆಯ ನಕಾಶೆಯಲ್ಲಿ ಕಂಡಿದ್ದ ಆ ರೈಲು ನಿಲ್ದಾಣ 1932ರಲ್ಲೇ ಮುಚ್ಚಿತ್ತು. ನಲವತ್ತು ವರ್ಷದಿಂದ ಯಾರೂ ಕೇಳದ ಊರನ್ನು ಕೇಳುವ ಇವರು ಯಾರು ಎಂದು ಜನ ಸೇರಿದರು. ಗಡಿ ಇನ್ನು ನಾಲ್ಕೈದು ಮೈಲಿಯಿತ್ತು.

ಮೂವರಿಗೂ ಜೀವ ಉಳಿಯುವುದೇ ಕಷ್ಟವಿತ್ತು. ಉಳಿಸಿದ್ದು ಯಾರೆಂದರೆ, ಅವರನ್ನು ಸೆರೆಯಲ್ಲಿಟ್ಟಿದ್ದ ಶಿಬಿರದ ಅಧಿಕಾರಿಯೇ. ಪರೂಲ್ಕರ್ ಹಟ ಹಿಡಿದು ಆತನಿಗೆ ಫೋನ್ ಮಾಡಿಸಿದರು. ಇವರು ನಮ್ಮ ಕೈದಿಗಳು, ಇವರಿಗೆ ತೊಂದರೆಯಾಗಬಾರದು ಎಂದು ಆತ ಖಾತ್ರಿಪಡಿಸಿದ. ಕಡೆಗೆ ಎಲ್ಲರೂ ವಾಘಾ ದಾಟಿದ್ದು 1972ರ ಡಿಸೆಂಬರ್ 1ರಂದು. ಈ ಕತೆಯ ಮೇಲೆ ಫೇತ್ ಜಾನ್ಸ್‌ಟನ್ ಒಂದು ಪುಸ್ತಕ ಬರೆದರು, 2019ರಲ್ಲಿ ‘ದಿ ಗ್ರೇಟ್ ಇಂಡಿಯನ್ ಎಸ್ಕೇಪ್’ ಎಂಬ ಸಿನಿಮಾ ಬಂತು. ‘ದೀವಾರ್’ (2004) ಚಿತ್ರದಲ್ಲಿ ಸೆರೆಯಲ್ಲಿ ಮುದುಕನಾದ ಅಮಿತಾಭ್‌ನನ್ನು ಬಿಡಿಸಲು ಗಡಿ ದಾಟುವವನು ಮಗ ಅಕ್ಷಯ್ ಖನ್ನಾ. ಈ ಚಿತ್ರವಾಗಲಿ, ‘1971’ ಆಗಲಿ ಹುಟ್ಟಿದ್ದು ಆ ಯುದ್ಧದಲ್ಲಿ ಕಾಣೆಯಾದ, ಪಾಕಿಸ್ತಾನದ ಸೆರೆಯಲ್ಲಿದ್ದಾರೆಂದು ಭಾರತ ನಂಬಿದ 54 ಮಂದಿಯ ಪಟ್ಟಿಯಿಂದ. ಅಂಥವರು ಯಾರೂ ತನ್ನಲ್ಲಿಲ್ಲ ಎಂದು ಪಾಕಿಸ್ತಾನ ಹೇಳುತ್ತಲೇ ಬಂದಿದೆ. 2007ರಲ್ಲಿ ಅವರ ಮನೆಯವರ ತಂಡವೊಂದು ಅಲ್ಲಿಯ ಜೈಲುಗಳನ್ನು ನೋಡಿ ಬರಿಗೈಯಲ್ಲಿ ಮರಳಿತು. ಸಿನಿಮಾದ ಮಗ ಅಪ್ಪನನ್ನು ತಂದೇ ತರುತ್ತಾನೆ. ಆ ತಂಡಕ್ಕೆ ದಾಖಲೆಯಲ್ಲಿ ಒಂದು ಹೆಸರೂ ಸಿಗಲಿಲ್ಲ.

ನಮ್ಮ ನೆಲದಲ್ಲಿ ದಂಡೆತ್ತಿ ಹೋಗಿ ಸೆರೆ ಬಿಡಿಸಿದ್ದು ನಡೆದೇ ಇಲ್ಲವೇ? ನಡೆದಿದೆ. ಸಿದ್ದಾಪುರದ ಆಚೆ ಮಗ್ಗುಲಿನ ಕೆಳದಿ, ಇಕ್ಕೇರಿಗಳ ಅರಸು ಮನೆತನದ ಕೊನೆಯ ರಾಣಿ ವೀರಮ್ಮಾಜಿಯನ್ನು 1763ರಲ್ಲಿ ಬಿದನೂರು ಬಿದ್ದಾಗ ಹೈದರಾಲಿ ಹಿಡಿದು, ದತ್ತುಮಗನ ಸಮೇತ ಮಧುಗಿರಿಯ ಬೆಟ್ಟದ ಕೋಟೆಯಲ್ಲಿಟ್ಟ. 1767ರಲ್ಲಿ ಪೇಶ್ವೆ ಮಾಧವರಾಯ ಆ ಕೋಟೆಯನ್ನು ಗೆದ್ದು ಇಬ್ಬರನ್ನೂ ಬಿಡಿಸಿದ. ಸಿನಿಮಾವಾದರೆ ಇಲ್ಲಿಗೆ ಮುಗಿಯಬೇಕು, ಬಾಗಿಲು ಮುರಿದು ಬೆಳಕು ಒಳಗೆ ನುಗ್ಗುವಲ್ಲಿ. ಆದರೆ ಬಿಡಿಸಿದವನು ರಾಣಿಯನ್ನು ಬಿದನೂರಿಗೆ ಕಳಿಸಲಿಲ್ಲ, ಪುಣೆಗೆ ಕಳಿಸಿದ. ಆಕೆ ದಾರಿಯಲ್ಲೇ ತೀರಿಕೊಂಡಳು. ಸೆರೆ ಬಿಟ್ಟಿತು, ರಾಜ್ಯ ಹೋಗಿಯಾಗಿತ್ತು, ಊರು ಸಿಗಲಿಲ್ಲ.

ಇದಕ್ಕೆ ಪೂರ್ತಿ ಎದುರಾದ ಕತೆ ಶ್ರೀರಂಗಪಟ್ಟಣದ್ದು. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಬ್ರಿಟಿಷ್ ಪಡೆ ನುಚ್ಚುನೂರಾಗಿ, ಕರ್ನಲ್ ಬೇಲಿ ಮತ್ತವನ ಜೊತೆಯವರು ಸೆರೆ ಸಿಕ್ಕರು. ಬೇಲಿ 1782ರಲ್ಲಿ ಅಲ್ಲೇ ಸತ್ತ. ಆ ಕೈದಿಗಳಲ್ಲೊಬ್ಬ ಡೇವಿಡ್ ಬೇರ್ಡ್. ಕೈದಿಗಳನ್ನು ಇಬ್ಬಿಬ್ಬರಂತೆ ಸಂಕೋಲೆ ಹಾಕಿದ್ದಾರೆಂಬ ಸುದ್ದಿ ಸ್ಕಾಟ್ಲೆಂಡಿಗೆ ಮುಟ್ಟಿದಾಗ, ‘ನನ್ನ ಮಗನ ಜೊತೆ ಕಟ್ಟಿಸಿಕೊಂಡವನ ಪಾಡು ದೇವರೇ ಗತಿ’ ಎಂಬರ್ಥದ ಮಾತನ್ನು ಅವನ ತಾಯಿ ಆಡಿದಳಂತೆ. ಮಗನ ಸ್ವಭಾವ ಅವಳಿಗೆ ಗೊತ್ತಿತ್ತು. 1784ರ ಮಾರ್ಚ್ 11ರ ಮಂಗಳೂರು ಒಪ್ಪಂದದಿಂದ ಬಿಡುಗಡೆಯಾದ ಬೇರ್ಡ್ ಸೇಡನ್ನು ಹದಿನೈದು ವರ್ಷ ಇಟ್ಟುಕೊಂಡ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯ ಬಿರುಕಿಗೆ ನುಗ್ಗಿದ ಪಡೆಯ ಮುಂದಾಳು ಅವನೇ, ಕೇಳಿ ಪಡೆದ ಕೆಲಸ. ಟಿಪ್ಪು ಅಂದೇ ಸತ್ತ. ಬೇಲಿಯ ಹೆಸರು ಹೊತ್ತ ಸೆರೆಮನೆಗೆ ಹೋಗುವವರು ಗೋಡೆಯ ಕಲ್ಲುಗಳ ಎದುರು ಫೋಟೊ ತೆಗೆಸಿಕೊಳ್ಳುತ್ತಾರೆ. ಅಲ್ಲಿಂದ ಬಿಟ್ಟು ಹೋದವನೊಬ್ಬ ಏನು ಮಾಡಲು ಮರಳಿ ಬಂದ ಎಂಬುದನ್ನು ಗೈಡುಗಳು ಹೇಳುವುದು ಕಡಿಮೆ.

ಉಮ್ಮಚಗಿಯ ಸುತ್ತಲ ಕಾಡಿನಲ್ಲಿ ಹನುಮಂತನನ್ನು ಕಾಯದೆ ತಾವೇ ಬಿಡಿಸಿಕೊಂಡವರ ಮಕ್ಕಳು, ಮರಿಮಕ್ಕಳು ಇದ್ದಾರೆ. ಯಲ್ಲಾಪುರ, ಹಳಿಯಾಳ, ಅಂಕೋಲೆಯ ಸಿದ್ದಿಗಳು. ಅವರ ಹಿರಿಯರನ್ನು ಆಫ್ರಿಕಾದಿಂದ ಗುಲಾಮರನ್ನಾಗಿ ತಂದವರಲ್ಲಿ ಪೋರ್ಚುಗೀಸರು ಮುಖ್ಯರು. ಗೋವೆಯಿಂದ ತಪ್ಪಿಸಿಕೊಂಡವರು ಘಟ್ಟ ಹತ್ತಿ ಈ ಕಾಡು ಸೇರಿದರು. ಅವರು ಯುದ್ಧಕೈದಿಗಳಲ್ಲ, ನಿಜ. ಆದರೆ ಸೆರೆ ಬಿಟ್ಟ ಮೇಲಿನ ಬಾಳು ಎಷ್ಟು ಉದ್ದ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಆ ಸಮುದಾಯದಿಂದ ಮೊದಲ ಬಾರಿಗೆ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿನಲ್ಲಿ ಕೂತದ್ದು 2020ರಲ್ಲಿ. ಮಂಚಿಕೇರಿಯ ರಂಗದ ಮೇಲೆ ಸಿದ್ದಿ ನಟರನ್ನು ನೋಡಿದವರಿಗೆ ಗೊತ್ತು, ಈ ಕತೆಯನ್ನು ಹೇಳಲು ಬೇಕಾದ ದನಿ ಎಲ್ಲಿದೆ ಎಂಬುದು.

ಮೈರಾವಣ ಕಾಳಗ ಹನುಮಂತನ ಕತೆ ಎಂದೆ. ಬಿಡುಗಡೆಯಾದವನ ಕತೆಯೂ ನಮ್ಮ ರಂಗಸ್ಥಳದಲ್ಲಿದೆ, ಅದು ಘೋಷಯಾತ್ರೆ. ಕಾಡಿನಲ್ಲಿ ಒಣಗುತ್ತಿರುವ ಪಾಂಡವರ ಎದುರು ಮೆರೆಯಲು ದನಗಳ ಲೆಕ್ಕದ ನೆಪ ಮಾಡಿ ಹೊರಟ ಕೌರವನನ್ನು ಗಂಧರ್ವ ಚಿತ್ರಸೇನ ಹೆಡೆಮುರಿ ಕಟ್ಟುತ್ತಾನೆ. ಸುದ್ದಿ ಬಂದಾಗ ಭೀಮನಿಗೆ ಹಬ್ಬ. ನಾವು ಮಾಡಬೇಕಾದ್ದನ್ನು ಇನ್ನೊಬ್ಬ ಮಾಡಿದನಲ್ಲ ಎನ್ನುತ್ತಾನೆ. ಧರ್ಮರಾಯನದು ಬೇರೆ ಲೆಕ್ಕ. ನಮ್ಮೊಳಗೆ ಜಗಳವಾದಾಗ ನಾವು ಐವರು, ಅವರು ನೂರ್ವರು. ಹೊರಗಿನವರು ಮೇಲೆ ಬಿದ್ದಾಗ ನೂರೈದು. ಅರ್ಜುನ ಹೋಗಿ ಕಾದಿ ಬಿಡಿಸಿ ತರುತ್ತಾನೆ.

ಮಳೆಗಾಲದಲ್ಲಿ ನಡೆಯುವ ತಾಳಮದ್ದಳೆಯಲ್ಲಿ ಒಳ್ಳೆಯ ಅರ್ಥಧಾರಿ ಕೂತಿದ್ದರೆ ಪ್ರಸಂಗ ನಿಜವಾಗಿ ಏರುವುದು ಇಲ್ಲಿಂದ ಮುಂದೆ. ಕಟ್ಟು ಬಿಚ್ಚಿದೆ, ಪ್ರಾಣ ಉಳಿದಿದೆ, ಕೌರವ ಮಾತ್ರ ಊರಿಗೆ ಹೋಗಲಾರ. ವೈರಿಯ ದಯೆಯಿಂದ ಬದುಕಿದವನು ಸಿಂಹಾಸನದಲ್ಲಿ ಹೇಗೆ ಕೂರಬೇಕು? ರಾಜ್ಯವನ್ನು ದುಶ್ಶಾಸನನಿಗೆ ಒಪ್ಪಿಸಿ, ದರ್ಭೆ ಹಾಸಿ, ಉಪವಾಸ ಬಿದ್ದು ಸಾಯಲು ಕೂರುತ್ತಾನೆ. ಕರ್ಣ ಹೇಳಿದರೂ ಇಲ್ಲ, ಶಕುನಿ ಹೇಳಿದರೂ ಇಲ್ಲ. ಸೆರೆ ಬಿಡಿಸುವ ಸಿನಿಮಾಗಳನ್ನು ಎಷ್ಟು ಬೇಕಾದರೂ ನೋಡಿ, ಹೆಲಿಕಾಪ್ಟರಿನಲ್ಲಿ ಕೂತವನ ಮುಖದಲ್ಲಿ ಈ ಅವಮಾನ ಕಾಣುವುದಿಲ್ಲ. ರಾಮಾಯಣವೂ ಕೊನೆಗೊಂದು ಸೆರೆ ಬಿಡಿಸುವ ಯುದ್ಧವೇ. ಅಶೋಕವನದಿಂದ ಬಂದ ಸೀತೆಗೆ ಸಿಕ್ಕಿದ್ದು ಅಪ್ಪುಗೆಯಲ್ಲ, ಬೆಂಕಿ.

ಬೆಂಕಿಯ ಪರೀಕ್ಷೆ ಇಪ್ಪತ್ತನೆಯ ಶತಮಾನದಲ್ಲೂ ನಡೆಯಿತು. ಸ್ಟಾಲಿನ್ನನ ರಷ್ಯಾದಲ್ಲಿ ಸೆರೆ ಸಿಕ್ಕುವುದೇ ದ್ರೋಹ. ಜರ್ಮನ್ ಶಿಬಿರಗಳಿಂದ ಜೀವಂತ ಮರಳಿದ ಎಷ್ಟೋ ಸೈನಿಕರು ಸೀದಾ ತಮ್ಮದೇ ದೇಶದ ಶಿಬಿರಗಳಿಗೆ ಹೋದರು. ಆತ ಸತ್ತ ಮೇಲಷ್ಟೇ, 1959ರಲ್ಲಿ, ಶೋಲೊಖೋವ್‌ನ ಕತೆಯನ್ನು ಇಟ್ಟುಕೊಂಡು ಬೊಂಡಾರ್ಚುಕ್ ‘ಮನುಷ್ಯನೊಬ್ಬನ ಹಣೆಬರಹ’ ಎಂಬರ್ಥದ ಹೆಸರಿನ ಚಿತ್ರ ಮಾಡಿದ. ಅದರಲ್ಲಿ ಮಾತಾಡುವವನು ಸೆರೆ ಸಿಕ್ಕವನೇ. ನನ್ನ ಮಟ್ಟಿಗೆ ಯುದ್ಧಕೈದಿಯ ಮೇಲಿನ ಅತ್ಯುತ್ತಮ ಚಿತ್ರ ಅದು. ಸ್ಟಾಲಿನ್ನನ ಮಗ ಯಾಕೊವ್ 1941ರಲ್ಲಿ ಜರ್ಮನ್ನರಿಗೆ ಸಿಕ್ಕಿದ್ದ. ಸ್ಟಾಲಿನ್‌ಗ್ರಾಡಿನಲ್ಲಿ ಸೆರೆಯಾದ ಫೀಲ್ಡ್ ಮಾರ್ಷಲ್ ಪೌಲಸ್‌ನನ್ನು ಕೊಟ್ಟರೆ ಮಗನನ್ನು ಬಿಡುತ್ತೇವೆಂಬ ಪ್ರಸ್ತಾಪವನ್ನು ಅಪ್ಪ ತಳ್ಳಿಹಾಕಿದ. ಯಾಕೊವ್ 1943ರಲ್ಲಿ ಶಿಬಿರದಲ್ಲೇ ಸತ್ತ.

ಇಂಥದೇ ನಿರಾಕರಣೆ ಮಡಿಕೇರಿಯಲ್ಲೂ ನಡೆಯಿತು. ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

1965ರ ಸೆಪ್ಟೆಂಬರ್ 22. ಕದನವಿರಾಮಕ್ಕೆ ಇನ್ನು ಗಂಟೆಗಳಷ್ಟೇ ಇದ್ದವು. ವಾಯುಪಡೆಯ 20ನೇ ಸ್ಕ್ವಾಡ್ರನ್ನಿನ ಹಂಟರ್ ವಿಮಾನವೊಂದಕ್ಕೆ ನೆಲದ ಗುಂಡು ತಗಲಿತು. ಹಾರಿಕೊಂಡ ಪೈಲಟ್ ಬೆನ್ನಿಗೆ ಪೆಟ್ಟು ಮಾಡಿಕೊಂಡು ಪಾಕಿಸ್ತಾನಿ ಸೈನಿಕರ ನಡುವೆ ಬಿದ್ದರು. ಫ್ಲೈಟ್ ಲೆಫ್ಟಿನೆಂಟ್ ಕೆ.ಸಿ. ಕಾರ್ಯಪ್ಪ, ಮನೆಯಲ್ಲಿ ನಂದಾ. ಯುದ್ಧಕೈದಿ ಹೇಳಬೇಕಾದದ್ದು ಹೆಸರು, ಹುದ್ದೆ, ಸಂಖ್ಯೆ, ಹುಟ್ಟಿದ ದಿನ ಇಷ್ಟೇ. ಆದರೆ ಆ ಹೆಸರೇ ಉಳಿದದ್ದನ್ನೆಲ್ಲ ಹೇಳಿತು. 1949ರ ಜನವರಿ 15ರಂದು ಭಾರತೀಯ ಸೇನೆಯ ಚುಕ್ಕಾಣಿ ಹಿಡಿದ ಜನರಲ್ ಕೆ.ಎಂ. ಕಾರ್ಯಪ್ಪನವರ ಮಗ. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ದೇಶ ಒಡೆಯುವ ಮುಂಚೆ ಇದೇ ಕಾರ್ಯಪ್ಪನವರ ಕೈಕೆಳಗೆ ದುಡಿದವರು. ಹುಡುಗ ಕ್ಷೇಮವಾಗಿದ್ದಾನೆ ಎಂದು ರೇಡಿಯೊ ಸಾರಿತು. ಬಯಸಿದರೆ ಬಿಟ್ಟುಬಿಡುತ್ತೇನೆ ಎಂಬ ಮಾತು ಹೈಕಮಿಷನರ್ ಮೂಲಕ ಅಪ್ಪನಿಗೆ ತಲುಪಿತು.

ಕಾರ್ಯಪ್ಪ ಆಗಲೇ ನಿವೃತ್ತರು. ಫೀಲ್ಡ್ ಮಾರ್ಷಲ್ ಗೌರವ ಬಂದದ್ದು ಬಹಳ ಮುಂದೆ, 1986ರಲ್ಲಿ. ಅವರ ಉತ್ತರದ ಸಾರ ಇಡೀ ಕೊಡಗಿಗೆ ಬಾಯಿಪಾಠ. ಅವನು ಈಗ ನನ್ನ ಮಗನಲ್ಲ, ದೇಶದ ಮಗ, ದೇಶಕ್ಕಾಗಿ ಕಾದಾಡಿದವನು. ಬಿಟ್ಟರೆ ಎಲ್ಲ ಕೈದಿಗಳನ್ನೂ ಬಿಡಿ. ಇಲ್ಲವಾದರೆ ಅವನಿಗೆ ಬೇರೆ ಉಪಚಾರ ಬೇಡ.

ಸ್ಟಾಲಿನ್ನನಿಗೆ ಸೆರೆ ಸಿಕ್ಕವರೆಲ್ಲ ದ್ರೋಹಿಗಳು, ಮಗನೂ ಅವರಲ್ಲೊಬ್ಬ. ಕಾರ್ಯಪ್ಪನವರಿಗೆ ಸೆರೆ ಸಿಕ್ಕವರೆಲ್ಲ ಮಕ್ಕಳು. ನನಗೆ ಇನ್ನೂ ಒಂದು ಕಾಣುತ್ತದೆ, ಬಹುಶಃ ತಾಳಮದ್ದಳೆ ಕೇಳಿ ಬೆಳೆದ ಕಿವಿಯ ದೋಷ. ಒಬ್ಬನಿಗೇ ಸಿಗುವ ದಯೆಯನ್ನು ಹೊತ್ತು ಮಗ ಮೆಸ್ಸಿಗೆ ಮರಳಿದ್ದರೆ, ಅಲ್ಲೇ ಉಳಿದ ಜೊತೆಗಾರರ ಹೆಂಡಿರು ಮಕ್ಕಳ ಎದುರು ಅವನು ಹೇಗೆ ನಿಲ್ಲುತ್ತಿದ್ದ? ಕೌರವ ದರ್ಭೆಯ ಮೇಲೆ ಕೂತು ಕೇಳಿಕೊಂಡ ಪ್ರಶ್ನೆಯನ್ನು ಮಗ ಕೇಳಿಕೊಳ್ಳಬೇಕಾಗದಂತೆ ಅಪ್ಪ ಮೊದಲೇ ತಡೆದರು.

ಅಯೂಬ್ ಖಾನರೂ ಸಣ್ಣ ಮನುಷ್ಯನಾಗಲಿಲ್ಲ. ಅವರ ಬೇಗಂ ಮತ್ತು ಮಗ ಆಸ್ಪತ್ರೆಗೆ ಹೋಗಿ ನಂದಾ ಅವರನ್ನು ಕಂಡರು. ಕೈಯಲ್ಲಿ ಸ್ಟೇಟ್ ಎಕ್ಸ್‌ಪ್ರೆಸ್ ಸಿಗರೇಟಿನ ಪೆಟ್ಟಿಗೆ ಮತ್ತು ಪಿ.ಜಿ. ವುಡ್‌ಹೌಸ್‌ನ ಒಂದು ಕಾದಂಬರಿ. ಬೆನ್ನುಮೂಳೆ ನೋಯುವವನಿಗೆ ನಗಿಸುವ ಪುಸ್ತಕ ತಂದವರ ವಿನೋದಬುದ್ಧಿಯ ಬಗ್ಗೆ ಏನು ಹೇಳಬೇಕೋ ತಿಳಿಯದು. 1966ರ ಜನವರಿ 10ರಂದು ತಾಷ್ಕೆಂಟಿನಲ್ಲಿ ಸಹಿಯಾಯಿತು. ಜನವರಿ 22ರಂದು, ಸರಿಯಾಗಿ ನಾಲ್ಕು ತಿಂಗಳಿಗೆ, ನಂದಾ ಉಳಿದ ಕೈದಿಗಳ ಜೊತೆ ದೇಶಕ್ಕೆ ಮರಳಿದರು. ಆಮೇಲೆ ಮತ್ತೆ ಹಾರಿದರು, ಏರ್ ಮಾರ್ಷಲ್ ಆದರು, ಅಪ್ಪನ ಮೇಲೊಂದು ಪುಸ್ತಕ ಬರೆದರು.

ಕನ್ನಡದಲ್ಲಿ ಯುದ್ಧಚಿತ್ರ ಎಂದರೆ ಇವತ್ತಿಗೂ ಮೊದಲು ಬಾಯಿಗೆ ಬರುವುದು ರಾಜೇಂದ್ರಸಿಂಗ್ ಬಾಬು ಅವರ ‘ಮುತ್ತಿನ ಹಾರ’. 1990ರ ಚಿತ್ರ, ವಿಷ್ಣುವರ್ಧನ್ ಮತ್ತು ಸುಹಾಸಿನಿ, ಹಂಸಲೇಖರ ಸಂಗೀತ, ಕನ್ನಡದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ. ಕೊಡಗಿನ ಸೈನಿಕನ ಮನೆಯೊಂದರ ಮೇಲೆ ಯುದ್ಧಗಳು ಒಂದರ ಮೇಲೊಂದು ಹಾದುಹೋಗುವ ಕತೆ. ರಣರಂಗಕ್ಕಿಂತ ಆ ಮನೆಯೇ ಜನರ ಮನಸ್ಸಿನಲ್ಲಿ ಉಳಿಯಿತು. ಅದೇ ಕೊಡಗಿನ ಇನ್ನೊಂದು ಮನೆಯ ಕತೆ ಇಷ್ಟು ವರ್ಷ ಕೈಯಳತೆಯಲ್ಲಿದ್ದೂ ದೊಡ್ಡ ತೆರೆಗೆ ಬರಲಿಲ್ಲವಲ್ಲ ಎಂದು ಸಿನಿಮಾದವರನ್ನು ಕಂಡಾಗಲೆಲ್ಲ ಕೇಳಬೇಕೆನಿಸುತ್ತದೆ. ಗೋಡೆ ಕೊರೆಯುವವರು, ಬೇಲಿ ಕತ್ತರಿಸುವವರು ಬೇಡ. ಬೇಕಾದದ್ದು ಮಡಿಕೇರಿಯ ಒಂದು ಹಜಾರ, ಒಂದು ರೇಡಿಯೊ, ಶಿಸ್ತಾಗಿ ಟೈ ಕಟ್ಟಿದ ಒಬ್ಬ ಅಪ್ಪ. ಗಡಿಯಾಚೆ ಒಂದು ಆಸ್ಪತ್ರೆಯ ಕೋಣೆ, ಅಪ್ಪ ಏನು ಉತ್ತರ ಕೊಟ್ಟರೆಂದು ಇನ್ನೂ ತಿಳಿಯದ ಒಬ್ಬ ಮಗ. ಇಬ್ಬರಿಗೂ ಮಾತು ಬರೆಯಬಲ್ಲವರು ಸಿಕ್ಕರೆ ಸಾಕು, ನಿರ್ಮಾಪಕರಿಗೆ ಹೆಲಿಕಾಪ್ಟರಿನ ಬಾಡಿಗೆಯೂ ಉಳಿಯುತ್ತದೆ.